ಗಾಂಜಾ ಎಂಬ ಕೂಲಿಯ ಮಾತು

1845ರಿಂದ ಬ್ರಿಟಿಷರ ಕಬ್ಬಿನ ತೋಟಗಳಲ್ಲಿ ದುಡಿಯಲು ಜಮೈಕಾದ ಹಡಗು ಹತ್ತಿದ ನಮ್ಮ ದೇಶದ ಕೂಲಿಗಳ ಜೊತೆ ಒಂದು ಮಾತೂ ಹೋಯಿತು: ಗಾಂಜಾ. ಅಲ್ಲಿನ ಕಪ್ಪು ಜನ ಇವತ್ತಿಗೂ ಅದನ್ನ ಹಾಗೇ ಕರೀತಾರೆ. ಕೂಲಿಯ ಬಾಯಿಂದ ಕೂಲಿಯ ಬಾಯಿಗೆ ದಾಟಿದ ಮಾತು.

1913ರಲ್ಲಿ ನಿಷೇಧ ಬಂತು. ರಸ್ತಫಾರಿಗಳೆಂಬ ಬಡ ಕಪ್ಪು ಜನರಿಗೆ ಗಾಂಜಾ ಪ್ರಾರ್ಥನೆಯ ಸೊಪ್ಪು. ಪೊಲೀಸರಿಗೆ ಲಾಠಿ ಎತ್ತಲು ನೆಪ. 1963ರಲ್ಲಿ ಕೋರಲ್ ಗಾರ್ಡನ್ಸಿನಲ್ಲಿ ಎಂಟು ಜನ ಸತ್ತ ಮೇಲೆ, ಏನೂ ಮಾಡದ ರಸ್ತಫಾರಿಗಳನ್ನೂ ಹಿಡಿದು ಬಡಿದರು, ಜಡೆ ಕತ್ತರಿಸಿದರು. ಸರಕಾರ ಕ್ಷಮೆ ಕೇಳಿದ್ದು 2017ರಲ್ಲಿ.

ಅದಕ್ಕೂ ಮುಂಚೆ, 2015ರಲ್ಲಿ, ಕಾನೂನು ಸಡಿಲಾಗಿತ್ತು. ಎರಡು ಔನ್ಸಿನೊಳಗೆ ಸಿಕ್ಕರೆ ಜೈಲಿಲ್ಲ, ಸಣ್ಣ ದಂಡ. ಮನೆಗೆ ಐದು ಗಿಡ. ರಸ್ತಫಾರಿಗಳ ಪೂಜೆಗೆ ಹಕ್ಕು. ಕೆಲವರು ಹಿಗ್ಗಿದರು. ಕೆಲವರು ಮಕ್ಕಳು ಹಾಳಾಗ್ತಾರೆ ಅಂತ ಹೆದರಿದರು. ನಮ್ಮ ಎದೆಗೆ ನಾಟಿದ್ದು ಮಾತ್ರ ಸಣ್ಣ ಬೆಳೆಗಾರರ ತಕರಾರು. ಮಾರೋದಕ್ಕೆ ಬೆಳೀಬೇಕಂದ್ರೆ ಲೈಸೆನ್ಸು ಬೇಕು. ಅದಕ್ಕೆ ಶುಲ್ಕ, ಬೇಲಿ, ಕಾವಲು. ಜೈಲು ಕಂಡವರ ಹತ್ತಿರ ಅಷ್ಟು ದುಡ್ಡೆಲ್ಲಿದೆ?

ಈ ತಕರಾರು ನಮಗೆ ಹೊಸದಲ್ಲ. ನಮ್ಮ ಹಟ್ಟಿಯ ತಾತನ ಸೊಂಟದಲ್ಲಿ ಚಿಟಿಕೆ ಗಾಂಜಾ ಸಿಕ್ಕಿತೆಂದು ಪೊಲೀಸರು ರಾತ್ರಿಯೆಲ್ಲಾ ಕೂಡಿಹಾಕಿ ಬಡಿದರು. ಅದೇ ಊರಿನ ಗೌಡರ ಜಗಲೀಲಿ ಸಾಧುಗಳು ಚಿಲುಮೆ ಹಚ್ಚಿದರೆ ಅದು ಭಕ್ತಿ.

ನಾವು ಗಾಂಜಾದ ಪರ ವಕಾಲತ್ತು ಮಾಡ್ತಿಲ್ಲ ಗೆಳೆಯರೇ. ಅದರ ಹೊಗೆಯಲ್ಲಿ ಹಸಿವು ಮರೆಯಲು ಹೋಗಿ ಮನೆ ಮರೆತವರನ್ನ ನೋಡಿದ್ದೀವಿ. ನಾವು ಕೇಳೋದು ಇಷ್ಟೇ: ನಿಷೇಧ ಇದ್ದಾಗ ಏಟು ತಿಂದ ಬೆನ್ನುಗಳಿಗೆ, ಸಡಿಲಾದ ಮೇಲೆ ಪಾಲೆಷ್ಟು?