ಗೋಡೆಗಿದ್ದ ನ್ಯಾಯ

ಹೊಸಪೇಟೆಯ ನಮ್ಮ ಓಣಿಯಲ್ಲಿ ಚುನಾವಣೆ ಬಂತೆಂದರೆ ಚಾಚಾ ಸುಣ್ಣದ ಬಕೆಟ್ಟು, ನೀಲಿಯ ಪುಡಿ ಹಿಡಿದು ಹೊರಡುತ್ತಿದ್ದರು. ಒಂದು ಗೋಡೆಗೆ ಕನ್ನಡ, ಮುಂದಿನದಕ್ಕೆ ಉರ್ದು. ನುಕ್ತಾ ತಪ್ಪಿದರೆ ತೋರಿಸಿಕೊಡುವುದು ನನ್ನ ಕೆಲಸ. ಬರೆದದ್ದು ಎದುರಾಳಿಗೂ ಕಾಣುತ್ತಿತ್ತು. ಸುಳ್ಳಿದ್ದರೆ ಸಂಜೆಯೊಳಗೆ ಚಹಾದಂಗಡಿಯಲ್ಲಿ ಜಗಳ.

2024ರ ನವೆಂಬರ್ 13ರಂದು ಸಂಡೂರಿನಲ್ಲಿ ಉಪಚುನಾವಣೆ ನಡೆಯಿತು. ಅದಕ್ಕೂ ಮೊದಲು ಅಲ್ಲಿ ತಂಗಿಯ ಮನೆಗೆ ಹೋಗಿದ್ದೆ. ‘ಮಾಮು, ಇಲ್ಲಿ ನೋಡಿ’ ಎಂದು ಅವಳ ಮಗ ಮೊಬೈಲು ಚಾಚಿದ. ನಮ್ಮವರಿಗೆ ಭರವಸೆ ಕೊಡುವ ಜಾಹೀರಾತು. ಪಕ್ಕದಲ್ಲಿದ್ದ ಅವನ ಗೆಳೆಯನ ಮೊಬೈಲಿನಲ್ಲಿ ನಮ್ಮವರ ಬಗ್ಗೆಯೇ ಭಯ ಹುಟ್ಟಿಸುವ ಇನ್ನೊಂದು. ಎರಡರಲ್ಲೂ ಪಕ್ಷದ ಹೆಸರಿಲ್ಲ. ಒಂದೇ ಬೆಂಚಿನಲ್ಲಿ ಕೂತು ಓದಿದ ಹುಡುಗರು ಪರಸ್ಪರ ತೋರಿಸಿಕೊಳ್ಳದೇ ಇದ್ದಿದ್ದರೆ?

ನಿಯಮವಿಲ್ಲವೆಂದಲ್ಲ. ಅಭ್ಯರ್ಥಿಯ ಸಾಮಾಜಿಕ ಜಾಲತಾಣದ ಖರ್ಚನ್ನು ಚುನಾವಣಾ ಆಯೋಗ 2013ರಲ್ಲೇ ಲೆಕ್ಕಕ್ಕೆ ಸೇರಿಸಿತು. ಕರ್ನಾಟಕದ ವಿಧಾನಸಭಾ ಅಭ್ಯರ್ಥಿಗೆ 2022ರಲ್ಲಿ ನಿಗದಿಯಾದ ಮಿತಿ 40 ಲಕ್ಷ ರೂಪಾಯಿ. ಪಕ್ಷಕ್ಕೆ ಮಾತ್ರ ಮಿತಿಯೇ ಇಲ್ಲ. ಇನ್ನು ಊರು ಹೆಸರಿಲ್ಲದ ಪುಟಗಳ ಹಣ ಯಾರ ಲೆಕ್ಕಕ್ಕೆ?

ಚಾಚಾ ಈಗಿಲ್ಲ. ಅವರ ಚೀಟಿಯಲ್ಲಿ ಗೋಡೆ ಎಷ್ಟು, ಹಣ ಕೊಟ್ಟವರು ಯಾರು ಎಂಬುದೆಲ್ಲ ಇರುತ್ತಿತ್ತು. ಮೊಬೈಲಿನ ಜಾಹೀರಾತಿಗೂ ಅಷ್ಟು ಸಾಕು: ಕೊಟ್ಟವರ ಹೆಸರು, ಮೊತ್ತ, ಯಾರಿಗೆ ತೋರಿಸಿದರೆಂಬ ವಿವರ. ಅದನ್ನು ಎಲ್ಲರೂ ಓದುವಂತಿರಬೇಕು, ಗೋಡೆಯ ಹಾಗೆ.