ದರಕಿನ ದಾರಿಯಲ್ಲಿ ಸೈಕಲ್ಲು

ಗುಡ್ಡದ ಕಾಲುದಾರಿಯಲ್ಲಿ ಸೈಕಲ್ ಹೊಡೆಯುವ ಚಟಕ್ಕೆ ಮೌಂಟನ್ ಬೈಕಿಂಗ್ ಎಂಬ ದೊಡ್ಡ ಹೆಸರಿದೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಕೆಲವರು ಹಳೆಯ ದಪ್ಪ ಟಯರಿನ ಸೈಕಲ್ಲುಗಳಲ್ಲಿ ಬೆಟ್ಟ ಇಳಿಯುತ್ತ ಬೆಳೆಸಿದ ಆಟ ಇದು. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸನ್ನೂ ಸೇರಿತು. ಒಬ್ಬರು ಮಾತ್ರ ಸಾಗುವಷ್ಟು ಅಗಲದ ದಾರಿಗೆ ಅವರು ‘ಸಿಂಗಲ್‌ಟ್ರ್ಯಾಕ್’ ಎನ್ನುತ್ತಾರೆ. ಅಂಥ ದಾರಿ ಮಾಡಲು ಅಲ್ಲಿನ ಕಾಡಿನ ಪಾರ್ಕುಗಳಲ್ಲಿ ಜನ ರಜೆಯ ದಿನ ಗುದ್ದಲಿ ಹಿಡಿದು ಬರುತ್ತಾರೆ. ನಮ್ಮ ಬಾಡ, ಕಾಗಾಲದ ಕಡೆ ಅದನ್ನು ಯಾರೂ ಕಡಿಯಲಿಲ್ಲ. ದರಕು ಗುಡಿಸಲು, ಸೊಪ್ಪು ತರಲು, ದನ ಹೊಡೆಯಲು, ಶಾಲೆಗೆ, ದೇವಸ್ಥಾನಕ್ಕೆ ಎಂದು ಜನ ನಡೆದು ನಡೆದು ತಾನಾಗಿ ಬಿದ್ದ ದಾರಿಗಳು ಇವು.

ಹೆದ್ದಾರಿ 66ರಲ್ಲಿ ಲಾರಿಗಳ ಪಕ್ಕ ಸೈಕಲ್ ತುಳಿಯುವ ಧೈರ್ಯ ನನಗಿಲ್ಲ. ಹಾಗಾಗಿ ಭಾನುವಾರ ಬೆಳಿಗ್ಗೆ ಗುಡ್ಡ ಹತ್ತುತ್ತೇನೆ. ಕೆಳಗೆ ಗೇರು, ಮೇಲೆ ಅಕೇಶಿಯಾ, ನಡುವೆ ಕವಳಿ ಮಟ್ಟಿ. ನೆಲ ಚಿರೆಕಲ್ಲಿನದು. ಇದಕ್ಕೆ ಲ್ಯಾಟರೈಟ್ ಎಂಬ ಹೆಸರಿಟ್ಟವನು, 1801ರ ಸುಮಾರಿಗೆ ಈ ಕರಾವಳಿಯನ್ನೂ ಸುತ್ತಿದ್ದ ಫ್ರಾನ್ಸಿಸ್ ಬುಕಾನನ್. ಲ್ಯಾಟಿನಿನಲ್ಲಿ ಇಟ್ಟಿಗೆ ಎಂದರ್ಥ. ಚಕ್ರಕ್ಕೆ ಈ ಕಲ್ಲು ಒಳ್ಳೆಯ ಹಿಡಿತ ಕೊಡುತ್ತದೆ. ಆದರೆ ಅದರ ಮೇಲೆ ಉದುರಿದ ಗುಂಡು ಹರಳು ಕೊಡುವುದಿಲ್ಲ, ಒಣ ಅಕೇಶಿಯಾ ಎಲೆಯಂತೂ ಎಣ್ಣೆ ಸವರಿದ ಹಾಗೆ ಜಾರುತ್ತದೆ. ಇಳಿಯುವಾಗ ಎರಡೂ ಪೆಡಲ್ ಸಮನಾಗಿಟ್ಟು, ಸೀಟು ಬಿಟ್ಟು ಎದ್ದು, ಮೈಯನ್ನು ಹಿಂದಕ್ಕೆ ತಳ್ಳಬೇಕು. ಕಣ್ಣು ಹೋದಲ್ಲಿಗೇ ಚಕ್ರವೂ ಹೋಗುತ್ತದೆ. ಕಲ್ಲನ್ನು ನೋಡಿದರೆ ಕಲ್ಲಿಗೇ ಬಡಿಯುತ್ತದೆ. ಅದಕ್ಕೆ ಕಲ್ಲಿನ ಪಕ್ಕದ ಜಾಗ ನೋಡಬೇಕು.

ಕಳೆದ ಮಾಘದಲ್ಲಿ ಒಂದು ತಿರುವಿನಲ್ಲಿ ದರಕಿನ ಹೆಡಿಗೆ ಹೊತ್ತ ಒಬ್ಬ ಅಜ್ಜಿ ಎದುರಾದರು. ನಾನು ಆಗಲೇ ಇಳಿದು ಬದಿಗೆ ನಿಂತಿದ್ದೆ. ಮುಂದೆ ಹೋದವರು ತಿರುಗಿ, “ಬರ್ತಾ ಇರು ತಮಾ. ಯಾರಾದ್ರೂ ತಿರ್ಗಾಡ್ತಾ ಇದ್ರೆ ದಾರಿ ಉಳೀತದೆ. ಮಳೆಗಾಲದಲ್ಲಿ ಮಾತ್ರ ಬರೂಕೆ ಹೋಗ್ಬೇಡ” ಎಂದರು.

ಆ ಎರಡನೆಯ ಮಾತು ಜಾರಿ ಬೀಳುವ ಬಗ್ಗೆ ಮಾತ್ರ ಇರಲಿಕ್ಕಿಲ್ಲ. ನೆಂದ ಮಣ್ಣಿನಲ್ಲಿ ಪಾದ ಒಂದು ಗುಳಿ ಮಾಡುತ್ತದೆ, ನೀರು ಅಲ್ಲೇ ನಿಂತು ಇಂಗುತ್ತದೆ. ಚಕ್ರ ಎಳೆಯುವುದು ಉದ್ದದ ಗೆರೆ. ನೀರು ಅದನ್ನೇ ಹಿಡಿದು ಓಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ನಮ್ಮ ಮಳೆಯಲ್ಲಿ ಆ ಗೆರೆ ಕೊರಕಲಾಗಲು ಹೆಚ್ಚು ದಿನ ಬೇಕಿಲ್ಲ. ಆಮೇಲೆ ಹೊರೆ ಹೊತ್ತವರು ಕಾಲಿಡುವುದೆಲ್ಲಿ? ಅಮೆರಿಕದಲ್ಲೂ ನಡೆಯುವವರಿಗೂ ಸೈಕಲಿನವರಿಗೂ ಜಗಳವಾಗಿ, 1988ರಲ್ಲಿ ಸೈಕಲಿನವರೇ ಒಂದು ಸಂಘ ಕಟ್ಟಿಕೊಂಡರು. ನಡೆಯುವವರಿಗೆ ದಾರಿ ಬಿಡು, ಕೆಸರಿನ ದಾರಿ ತುಳಿಯಬೇಡ ಎಂಬವು ಆ ಸಂಘದ ನಿಯಮಗಳಲ್ಲಿ ಸೇರಿವೆ. ಅಜ್ಜಿ ಹೇಳಿದ್ದೂ ಅದನ್ನೇ.

ನನ್ನನ್ನು ಹೆಚ್ಚು ಕಾಡಿದ್ದು ಮೊದಲನೆಯ ಮಾತು. ಮನೆಮನೆಗೆ ಗ್ಯಾಸ್ ಬಂತು, ಗೊಬ್ಬರ ಚೀಲದಲ್ಲಿ ಬಂತು, ಕೊಟ್ಟಿಗೆ ಖಾಲಿಯಾಯಿತು. ಹೆಡಿಗೆ ಹೊತ್ತು ಬೆನ್ನು ಬಗ್ಗಿದ ಹೆಂಗಸರಿಗೆ ಬಿಡುಗಡೆ ಸಿಕ್ಕಿದ್ದು ಒಳ್ಳೆಯದೇ. ಆ ಕಷ್ಟ ಮರಳಿ ಬರಲಿ ಎನ್ನಲು ಸೈಕಲ್ ಹೊಡೆಯುವ ನನಗೆ ಬಾಯಿಲ್ಲ. ಆದರೆ ನಡೆಯುವವರು ನಿಂತಲ್ಲಿ ಎರಡು ಮಳೆಗಾಲದೊಳಗೆ ಯುಪಟೋರಿಯಂ ಕೂಡಿಕೊಳ್ಳುತ್ತದೆ. ದಾರಿ ಕಾಣದ ಮೇಲೆ ಅಲ್ಲಿ ದಾರಿ ಇತ್ತೆಂದು ಹೇಳುವವರೂ ಇಲ್ಲವಾಗುತ್ತಾರೆ. ಬೇಲಿ ಬೀಳುವುದು ಆಗಲೇ. ದಣಪೆ ಸರಿಸಿ ದಾಟುತ್ತಿದ್ದ ಒಂದು ಕಡೆ ಈಗ ತಂತಿ ಇದೆ, ನಾನು ಸುತ್ತಿಕೊಂಡು ಹೋಗುತ್ತೇನೆ.

ಮೋಜಿಗೆಂದು ಬರುವವನು ದುಡಿಮೆಗೆ ಬಂದವರ ದಾರಿಯನ್ನು ಉಳಿಸಬಲ್ಲನೇ? ಪೂರ್ತಿ ಆಗದು, ಆತ ನಾಲ್ಕು ಮಳೆ ತಿಂಗಳು ಬರುವುದಿಲ್ಲ, ಅವರಷ್ಟು ದಿನವೂ ಬರುವುದಿಲ್ಲ. ಆದರೂ ಅಕ್ಟೋಬರಿನಲ್ಲಿ ಗುಡ್ಡ ಹತ್ತುವಾಗ ಚೀಲದಲ್ಲಿ ಪಂಕ್ಚರ್ ಸಾಮಾನಿನ ಜೊತೆಗೆ ಒಂದು ಕತ್ತಿಯೂ ಇರುತ್ತದೆ. ಮೊದಲ ವಾರ ಸವಾರಿ ಇಲ್ಲ, ಮಟ್ಟಿ ಸವರುವುದಷ್ಟೇ. ಹೆಡಿಗೆ ತಾಗದಷ್ಟು ಅಗಲಕ್ಕೆ ಸವರುತ್ತೇನೆ. ಸೈಕಲ್ಲಿಗೆ ಅಷ್ಟು ಬೇಕಾಗಿಲ್ಲ.