ಕಡೇ ಪಂಕ್ತಿಯವರ ಕಾಯಿಲೆ

ನಮ್ಮ ಹೆಣ್ಣುಮಕ್ಕಳ ಬಾಯಲ್ಲಿ ದಿನಕ್ಕೆ ಹತ್ತು ಸಲ ಬಂದರೂ ಮನೆಯಲ್ಲಿ ಯಾರ ಕಿವಿಗೂ ಬೀಳದ ಮಾತೊಂದಿದ್ದರೆ ಅದು ‘ಸುಸ್ತು’. ಗಂಡಸರಿಗೆ ಜ್ವರ ಬಂದರೆ ಅದು ಜ್ವರ. ಮಕ್ಕಳಿಗೆ ಹೊಟ್ಟೆನೋವು ಬಂದರೆ ಅದು ಹೊಟ್ಟೆನೋವು. ಹೆಂಗಸಿಗೆ ಸುಸ್ತಾದರೆ ಮಾತ್ರ ಅದು ಕಾಯಿಲೆಯಲ್ಲ, ಸ್ವಭಾವ. ‘ಅವಳದ್ದು ಇದ್ದದ್ದೇ ಬಿಡು’ ಎಂದು ಮನೆಯವರು ಸುಮ್ಮನಾಗುತ್ತಾರೆ, ಅವಳೂ ಸುಮ್ಮನಾಗುತ್ತಾಳೆ. ಆದರೆ ಇದೇ ಸುಸ್ತಿನ ಬೆನ್ನು ಹತ್ತಿ ಹೋದ ವೈದ್ಯರಿಗೆ ನೊಬೆಲ್ ಬಹುಮಾನವೇ ಬಂದಿದೆ ಎಂದರೆ ನಂಬುತ್ತೀರಾ?

ನಾನು ಇದನ್ನೆಲ್ಲ ಓದಲು ಹೊರಟದ್ದು ನನ್ನ ಓರಗಿತ್ತಿಯ ದೆಸೆಯಿಂದ. ನನಗಿಂತ ಆರು ವರ್ಷ ಚಿಕ್ಕವಳು, ಕೆಲಸದಲ್ಲಿ ನನಗಿಂತ ಹತ್ತು ಪಟ್ಟು ಚುರುಕು. ಅಂಥವಳು ಬರಬರುತ್ತಾ ಮೆಟ್ಟಿಲಲ್ಲಿ ಗೋಡೆ ಹಿಡಿದು ಇಳಿಯತೊಡಗಿದಳು. ‘ಅಕ್ಕಾ, ಪಾದ ಧಗಧಗ ಅನ್ನತ್ತೆ. ಹತ್ತಿಯ ಮೇಲೆ ನಡೆದ ಹಾಗಾಗತ್ತೆ’ ಎನ್ನುತ್ತಿದ್ದಳು. ನಾಲಿಗೆ ಉರಿ ಎಂದು ಸಾರಿಗೆ ಖಾರ ಹಾಕುವುದನ್ನೇ ಬಿಟ್ಟಳು. ಗ್ಯಾಸ್ ಮೇಲೆ ಹಾಲಿಟ್ಟು ಮರೆತಳು. ಒಬ್ಬ ವೈದ್ಯರು ಸಕ್ಕರೆ ಕಾಯಿಲೆ ಇರಬೇಕೆಂದು ಪರೀಕ್ಷೆ ಮಾಡಿಸಿದರು, ಇರಲಿಲ್ಲ. ಇನ್ನೊಬ್ಬರು ಬೆನ್ನುಮೂಳೆ ಸವೆದಿದೆ ಎಂದರು. ಮತ್ತೊಬ್ಬರು ರಕ್ತ ಕಡಿಮೆ ಇರಬಹುದೆಂದು ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಹಿಮೋಗ್ಲೋಬಿನ್ ಏರಿ ಹನ್ನೊಂದೂವರೆಗೆ ಬಂತು, ನಡಿಗೆ ಮಾತ್ರ ಇನ್ನಷ್ಟು ಕೆಟ್ಟಿತು. ‘ಮುಟ್ಟು ನಿಲ್ಲುವ ವಯಸ್ಸು, ಮನಸ್ಸಿಗೆ ಹಚ್ಚಿಕೊಂಡಿದ್ದಾರೆ’ ಎಂದು ನಿದ್ದೆ ಮಾತ್ರೆ ಕೊಟ್ಟವರೂ ಉಂಟು.

ಕೊನೆಗೆ ಸಿಕ್ಕಿದ ವಯಸ್ಸಾದ ವೈದ್ಯರು ಮೊದಲು ಕೇಳಿದ್ದು ಎರಡು ವಿಚಿತ್ರವಾದ ಪ್ರಶ್ನೆ. ‘ತಾಯಿ, ನಡೀತಾ ಇರುವಾಗ ಚಪ್ಪಲಿ ಕಾಲಿಂದ ಜಾರಿ ಹೋದರೆ ನಿಮಗೆ ಗೊತ್ತಾಗತ್ತಾ? ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ ತೂರಾಡಿದ ಹಾಗಾಗತ್ತಾ?’ ಇವಳು ಬೆರಗಾಗಿ ನನ್ನ ಮುಖ ನೋಡಿದಳು. ಹಿಂದಿನ ವಾರವಷ್ಟೇ ಸಂತೆಯಿಂದ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದು ಎಲ್ಲರ ನಗೆಗೆ ಗುರಿಯಾಗಿದ್ದಳು. ವೈದ್ಯರು ಒಂದು ಶ್ರುತಿಕವೆ ತೆಗೆದರು. ನಾವು ಶಾಲೆಯಲ್ಲಿ ಶಬ್ದದ ಪಾಠ ಮಾಡುವಾಗ ಬಡಿದು ಗುಂಯ್‌ಗುಡಿಸುತ್ತೇವಲ್ಲ, ಅದೇ. ಬಡಿದು ಅವಳ ಕಾಲಿನ ಹೆಬ್ಬೆರಳಿನ ಮೂಳೆಗೆ ತಾಗಿಸಿದರು. ಅವಳಿಗೆ ಆ ನಡುಕ ತಿಳಿಯಲೇ ಇಲ್ಲ. ಮೂರನೆಯ ಪ್ರಶ್ನೆಗೆ ಮಾತ್ರ ನಾನೂ ತಯಾರಿರಲಿಲ್ಲ: ‘ಹಾಲು, ಮೊಸರು ದಿನಕ್ಕೆ ಎಷ್ಟು ತಗೋತೀರಿ?’

ರಕ್ತ ಪರೀಕ್ಷೆಯಲ್ಲಿ ಗುಟ್ಟು ಬಯಲಾಯಿತು. ಅವಳ ಮೈಯಲ್ಲಿ ಬಿ12 ಎಂಬ ಜೀವಸತ್ವ ಬತ್ತಿಹೋಗಿತ್ತು. ಕೆಂಪು ಬಣ್ಣದ ಇಂಜೆಕ್ಷನ್ ಶುರುವಾಯಿತು.

ಈ ಬಿ12 ವೈದ್ಯರನ್ನು ಸತಾಯಿಸಿದ್ದು ನೂರು ವರ್ಷ. ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಅಡಿಸನ್ 1849ರಲ್ಲಿಯೇ ಕಾರಣವಿಲ್ಲದೆ ಬಿಳಿಚಿಕೊಂಡು, ಸೊರಗಿ, ಸತ್ತೇ ಹೋಗುವ ರೋಗಿಗಳ ಬಗ್ಗೆ ಹೇಳಿದ್ದರು. ಆ ರಕ್ತಹೀನತೆಗೆ ‘ಮಾರಕ’ ಎಂಬ ಹೆಸರೇ ಅಂಟಿಕೊಂಡಿತು. 1926ರಲ್ಲಿ ಅಮೆರಿಕದ ಬಾಸ್ಟನ್ ನಗರದ ಮೈನಾಟ್ ಮತ್ತು ಮರ್ಫಿ ಎಂಬ ವೈದ್ಯರು 45 ರೋಗಿಗಳಿಗೆ ದಿನವೂ ಪ್ರಾಣಿಗಳ ಲಿವರ್ ತಿನ್ನಿಸಿ ಅವರನ್ನು ಎಬ್ಬಿಸಿ ನಿಲ್ಲಿಸಿದರು. ಮೈನಾಟ್ ಸ್ವತಃ ಸಕ್ಕರೆ ಕಾಯಿಲೆಯವರು. ಅದಕ್ಕೆ ಕೆಲವೇ ವರ್ಷ ಹಿಂದೆ ಇನ್ಸುಲಿನ್ ಬಂದಿರದಿದ್ದರೆ ಅವರೇ ಉಳಿಯುತ್ತಿದ್ದರೋ ಇಲ್ಲವೋ! 1934ರ ನೊಬೆಲ್ ಬಹುಮಾನ ಇವರಿಬ್ಬರಿಗೂ, ದಾರಿ ತೋರಿಸಿದ್ದ ವಿಪಲ್ ಅವರಿಗೂ ಬಂತು.

ಅಲ್ಲಿಗೂ ಒಗಟು ಬಿಡಲಿಲ್ಲ. ಅದೇ ಬಾಸ್ಟನ್ನಿನ ವಿಲಿಯಂ ಕ್ಯಾಸಲ್ ಎಂಬ ತರುಣ ವೈದ್ಯರು, ಮಾಂಸ ತಿನ್ನುವ ಈ ಜನಕ್ಕೆ ಯಾಕೆ ಈ ರೋಗ ಎಂದು ಯೋಚಿಸಿದರು. ತಾವೇ ಮಾಂಸ ತಿಂದು, ಗಂಟೆಯ ಮೇಲೆ ಅದನ್ನು ಹೊಟ್ಟೆಯಿಂದ ಹೊರತೆಗೆದು, ರೋಗಿಗಳಿಗೆ ನಳಿಕೆಯಲ್ಲಿ ಕೊಟ್ಟರು. ನಮ್ಮಂಥವರಿಗೆ ಕೇಳಲಿಕ್ಕೇ ಕಷ್ಟ. ಆದರೆ ರೋಗಿಗಳು ಚೇತರಿಸಿಕೊಂಡರು. ಬರೀ ಮಾಂಸ ಕೊಟ್ಟಾಗ ಚೇತರಿಸಿಕೊಂಡಿರಲಿಲ್ಲ. ಆರೋಗ್ಯವಂತರ ಜಠರದಲ್ಲಿ ಸ್ರವಿಸುವ ಯಾವುದೋ ವಸ್ತು ಆಹಾರದ ಸತ್ವವನ್ನು ಕೈಹಿಡಿದು ಮೈಗೆ ಸೇರಿಸುತ್ತದೆ, ರೋಗಿಗಳಲ್ಲಿ ಅದೇ ಇಲ್ಲ ಎಂದು ಹೀಗೆ ತಿಳಿಯಿತು. ಆ ಸತ್ವವನ್ನು ಕೆಂಪು ಹರಳಾಗಿ ಬೇರ್ಪಡಿಸಿದ್ದು 1948ರಲ್ಲಿ. ಅದೇ ಬಿ12. ಅದರ ಜಟಿಲ ರಚನೆಯನ್ನು ಬಿಡಿಸಿದವರು ಡೊರೊಥಿ ಹಾಡ್ಜ್‌ಕಿನ್ ಎಂಬ ಮಹಿಳೆ. ಅವರಿಗೆ 1964ರಲ್ಲಿ ನೊಬೆಲ್ ಬಂತು.

ಈ ಕಥೆಯ ಇನ್ನೊಂದು ಎಳೆ ನಮ್ಮ ದೇಶದ್ದೇ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದರು. ಅಲ್ಲಿ ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಡ ಗರ್ಭಿಣಿಯರು ವಿಪರೀತ ರಕ್ತಹೀನತೆಯಿಂದ ಸಾಯುತ್ತಿದ್ದರು. ಲೂಸಿ ಸೋಂಕಿಗಾಗಿ ಹುಡುಕಿದರು, ಸಿಗಲಿಲ್ಲ. ಆಗ ಅವರು ನೋಡಿದ್ದು ಈ ಹೆಂಗಸರು ಏನು ಉಣ್ಣುತ್ತಾರೆ ಎಂಬುದನ್ನು. ಅದೇ ಬಡ ಊಟ ಕೊಟ್ಟಾಗ ಪ್ರಯೋಗಶಾಲೆಯ ಮಂಗಗಳಿಗೂ ರಕ್ತ ಬತ್ತಿತು. ಮಾರ್ಮೈಟ್ ಎಂಬ, ಬ್ರೆಡ್ಡಿಗೆ ಸವರಿ ತಿನ್ನುವ ಅಗ್ಗದ ಯೀಸ್ಟ್ ಸಾರ ಕೊಟ್ಟಾಗ ಮಂಗಗಳೂ ಚೇತರಿಸಿಕೊಂಡವು, ಬಸುರಿಯರೂ ಚೇತರಿಸಿಕೊಂಡರು. 1931ರಲ್ಲಿ ಅವರು ಇದನ್ನು ಪ್ರಕಟಿಸಿದರು. ಮಾರಕ ರಕ್ತಹೀನತೆಗೆ ನಾಟುತ್ತಿದ್ದ ಶುದ್ಧೀಕರಿಸಿದ ಲಿವರ್ ಸಾರ ಈ ಹೆಂಗಸರಿಗೆ ನಾಟದ್ದರಿಂದ, ಇದು ಬೇರೆಯೇ ಸತ್ವ ಎಂದೂ ಅವರು ಕಂಡುಕೊಂಡರು. ಅದೇ ಫೋಲಿಕ್ ಆಮ್ಲ. ಅದನ್ನು 1940ರ ದಶಕದಲ್ಲಿ ಅಮೆರಿಕದಲ್ಲಿ ಕೃತಕವಾಗಿ ತಯಾರಿಸಿದ ತಂಡದ ಮುಂದಾಳು ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್.

ಫೋಲಿಕ್ ಆಮ್ಲ, ಬಿ12 ಎರಡೂ ಅಕ್ಕತಂಗಿಯರಿದ್ದ ಹಾಗೆ. ಯಾರು ಕಡಿಮೆಯಾದರೂ ರಕ್ತ ಕೆಡುತ್ತದೆ. ಆದರೆ ನರಗಳ ಕವಚವನ್ನು ಕಾಯುವ ಬಿ12ರ ಕೆಲಸವನ್ನು ಫೋಲಿಕ್ ಆಮ್ಲ ಮಾಡಲಾರದು. ನಮ್ಮಲ್ಲಿ ಸಾಮಾನ್ಯವಾಗಿ ಕೊಡುವ ಕಬ್ಬಿಣದ ಮಾತ್ರೆಯಲ್ಲಿ ಫೋಲಿಕ್ ಆಮ್ಲವೂ ಸೇರಿರುತ್ತದೆ. ನನ್ನ ಓರಗಿತ್ತಿ ನುಂಗುತ್ತಿದ್ದುದೂ ಅದನ್ನೇ. ರಕ್ತದ ಲೆಕ್ಕ ಸರಿಹೋದಂತೆ ಕಂಡಿತು, ನರಗಳು ಒಳಗೊಳಗೇ ಸವೆಯುತ್ತಾ ಹೋದವು. ಅಷ್ಟು ಜನ ವೈದ್ಯರನ್ನು ದಾರಿ ತಪ್ಪಿಸಿದ್ದು ಈ ಸುಧಾರಿಸಿದ ಹಿಮೋಗ್ಲೋಬಿನ್ನೇ!

ಇನ್ನು ಆ ಮೂರನೆಯ ಪ್ರಶ್ನೆಗೆ ಬರೋಣ. ಬಿ12 ಅನ್ನು ಗಿಡವೂ ತಯಾರಿಸಲಾರದು, ಪ್ರಾಣಿಯೂ ತಯಾರಿಸಲಾರದು. ಅದು ಸೂಕ್ಷ್ಮಜೀವಿಗಳ ಸೃಷ್ಟಿ. ಅದು ನಮ್ಮನ್ನು ಮುಟ್ಟುವುದು ಮಾಂಸ, ಮೀನು, ಮೊಟ್ಟೆ, ಹಾಲಿನ ಮೂಲಕ. ಸೊಪ್ಪು, ಕಾಳು, ರಾಗಿ ಎಷ್ಟು ತಿಂದರೂ ಅದು ಸಿಗದು. ದಿನಕ್ಕೆ ಬೇಕಾದದ್ದು ಎರಡು–ಎರಡೂವರೆ ಮೈಕ್ರೋಗ್ರಾಂ ಮಾತ್ರ. ದೊಡ್ಡ ಲೋಟ ಹಾಲಿನಲ್ಲಿ ಸುಮಾರು ಒಂದು ಮೈಕ್ರೋಗ್ರಾಂ ಇರುತ್ತದೆ. ಹಾಗಾದರೆ ಸಸ್ಯಾಹಾರಿ ಮನೆಯ ಹೆಂಗಸಿಗೆ ಉಳಿದ ದಾರಿ ಹಾಲು–ಮೊಸರು ಒಂದೇ.

ಆ ಹಾಲು ಎಲ್ಲಿ ಹೋಗುತ್ತದೆ? ಲೆಕ್ಕ ಹಾಕಿ ನೋಡಿ. ಗಟ್ಟಿ ಹಾಲು ಮಕ್ಕಳಿಗೆ, ರಾತ್ರಿಯ ಲೋಟ ಗಂಡನಿಗೆ, ಕೆನೆಮೊಸರು ಮಾವನವರಿಗೆ, ಕಾಫಿಯ ಪಾಲು ಬಂದ ನೆಂಟರಿಗೆ. ಕಡೇ ಪಂಕ್ತಿಯಲ್ಲಿ ಪಾತ್ರೆಗಳ ನಡುವೆ ಕೂತು ಉಣ್ಣುವವಳಿಗೆ ಮೊಸರಿನ ಪಾತ್ರೆ ತೊಳೆದು ನೀರು ಬೆರೆಸಿದ ಮಜ್ಜಿಗೆ. ವೈದ್ಯರಿಗೆ ಉತ್ತರ ಕೊಡುವಾಗ ನನ್ನ ಓರಗಿತ್ತಿ, ‘ನಮ್ಮನೇಲಿ ಒಂದೂವರೆ ಲೀಟರ್ ತರಿಸ್ತೀವಿ ಸಾರ್’ ಎಂದು ಹೆಮ್ಮೆಯಿಂದಲೇ ಹೇಳಿದಳು. ‘ನಿಮ್ಮ ಮನೇದಲ್ಲಮ್ಮ, ನಿಮ್ಮದು ಹೇಳಿ’ ಎಂದರು ಅವರು. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಯಕೃತ್ತಿನಲ್ಲಿ ಈ ಸತ್ವದ ದಾಸ್ತಾನು ವರ್ಷಗಟ್ಟಲೆ ಇರುವುದರಿಂದ, ಇಪ್ಪತ್ತನೇ ವಯಸ್ಸಿನಲ್ಲಿ ಬಿಟ್ಟುಕೊಟ್ಟ ಹಾಲಿನ ಲೆಕ್ಕವನ್ನು ಮೈ ನಿಧಾನವಾಗಿ ಕೇಳುತ್ತದೆ.

ಲೆಕ್ಕ ತಾಯಿಯ ಮೈಯಲ್ಲೇ ಮುಗಿಯುವುದೂ ಇಲ್ಲ. 1962ರಲ್ಲಿ ವೆಲ್ಲೂರಿನ ವೈದ್ಯರು ತಾಯಿಹಾಲು ಕುಡಿಯುವ ಕೆಲವು ಕೂಸುಗಳ ಬಗ್ಗೆ ಬರೆದರು. ನಗುತ್ತಿದ್ದ ಕೂಸು ನಗು ಮರೆತು, ಕತ್ತು ನಿಲ್ಲದೆ, ಮೈ ಕಪ್ಪಿಟ್ಟು, ನಡುಗತೊಡಗುತ್ತಿತ್ತು. ಕಾರಣ, ತಾಯಿಯ ಮೈಯಲ್ಲೇ ಬಿ12 ಇರಲಿಲ್ಲ, ಅವಳ ಹಾಲಿನಲ್ಲಿ ಎಲ್ಲಿಂದ ಬರಬೇಕು? ಮನೆಮಂದಿಗೆ ಕೊಡಲೆಂದು ತಾನು ಬಿಡುವವಳು, ಕೊನೆಗೆ ಕೂಸಿಗೇ ಕೊಡಲಾರದವಳಾಗುತ್ತಾಳೆ. ತ್ಯಾಗ ಎಂದು ನಾವು ಹೊಗಳುವುದರ ಇನ್ನೊಂದು ಮುಖ ಇದು.

ಹಾಲು ಕುಡಿಯುವವರಿಗೂ, ಮಾಂಸ ತಿನ್ನುವವರಿಗೂ ಈ ಕೊರತೆ ಬರಬಹುದು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿ ಬಿ12 ಕಡಿಮೆಯಾಗುವುದು ಸಾಮಾನ್ಯ ಎಂದು 2022ರಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿತು. ಮಾತ್ರೆಯನ್ನು ನಿಲ್ಲಿಸುವುದಲ್ಲ, ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ದಾರಿ. ಎದೆಯುರಿಗೆಂದು ಆಮ್ಲ ಕಡಿಮೆ ಮಾಡುವ ಗುಳಿಗೆಗಳನ್ನು ಬಹುಕಾಲ ನುಂಗುವವರೂ ಇದನ್ನು ನೆನಪಿಡಬೇಕು. ಪಾದದ ಉರಿ, ಜೋಮು, ನಾಲಿಗೆ ಉರಿ, ಮರೆವು ಜೊತೆಯಾಗಿ ಬಂದರೆ ವಯಸ್ಸಿನ ಮೇಲೆ ಹಾಕಿ ಕೂರಬಾರದು. ವೈದ್ಯರ ಮುಂದೆ ಬರೀ ‘ಸುಸ್ತು’ ಎನ್ನದೆ, ಚಪ್ಪಲಿ ಜಾರಿದ ಸಂಗತಿಯನ್ನೂ ಬಾಯಿಬಿಟ್ಟು ಹೇಳಬೇಕು. ರೋಗದ ಗುಟ್ಟು ಅಂಥ ಕಡೆಯೇ ಇರುತ್ತದೆ.

ನನ್ನ ಓರಗಿತ್ತಿಯ ನಾಲಿಗೆ ಉರಿ ಕೆಲವೇ ವಾರಗಳಲ್ಲಿ ಹೋಯಿತು. ಆರು ತಿಂಗಳಿಗೆ ಗೋಡೆ ಹಿಡಿಯುವುದೂ ತಪ್ಪಿತು. ಕಾಲ್ಬೆರಳುಗಳ ಜೋಮು ಮಾತ್ರ ಉಳಿದಿದೆ. ತಡವಾಗಿ ಬಂದಿರಿ, ಅಷ್ಟು ಪೂರ್ತಿ ಹೋಗಲಾರದು ಎಂದಿದ್ದಾರೆ ವೈದ್ಯರು. ಈಗ ಅವಳು ಒಂದು ಸಣ್ಣ ಕುಡಿಕೆಯಲ್ಲಿ ತನ್ನ ಪಾಲಿನ ಮೊಸರನ್ನು ಬೇರೆಯಾಗಿಯೇ ಹೆಪ್ಪು ಹಾಕಿಡುತ್ತಾಳೆ. ಮೊದಮೊದಲು ಅವಳಿಗೇ ಸಂಕೋಚವಾಗುತ್ತಿತ್ತು, ಯಾರಾದರೂ ಕೇಳಿದರೆ ‘ಔಷಧಿ’ ಎನ್ನುತ್ತಿದ್ದಳು. ಮೊನ್ನೆ ಮಗ ಆ ಕುಡಿಕೆಗೆ ಕೈ ಹಾಕಿದಾಗ, ‘ಅದು ನನ್ನದು, ನಿಂದು ದೊಡ್ಡ ಪಾತ್ರೇಲಿದೆ’ ಎಂದಳು.